ಸಣ್ಣ ವೆಬ್ ಆ್ಯಪ್‌ಗೆ ವಿಪಿಎಸ್ ಆರಿಸುವುದು: ಬೆಲೆಪಟ್ಟಿ ತೆರೆಯುವ ಮೊದಲು ಮತ್ತು ಅನಂತರ

ಊರಿನ ಒಂದು ಗ್ರಂಥಾಲಯಕ್ಕಾಗಿ ಇಪ್ಪತ್ತು ಸಾವಿರ ಪುಸ್ತಕಗಳ ಪಟ್ಟಿಯನ್ನೂ ಎರವಲಿನ ಲೆಕ್ಕವನ್ನೂ ಇಡುವ ವೆಬ್ ಆ್ಯಪ್ ಒಂದು ಸಿದ್ಧವಾಗಿದೆ ಎಂದುಕೊಳ್ಳೋಣ. ಬರೆದವರ ಲ್ಯಾಪ್‌ಟಾಪಿನಲ್ಲಿ ಅದು ಚೆನ್ನಾಗಿಯೇ ಓಡುತ್ತಿದೆ. ಇನ್ನು ಅದನ್ನು ಸದಸ್ಯರೆಲ್ಲರೂ ತಮ್ಮ ಮೊಬೈಲಿನಲ್ಲಿ ತೆರೆಯುವಂತಾಗಬೇಕು. ಸರ್ವರ್ ಬಾಡಿಗೆಗೆ ಕೊಡುವ ಕಂಪನಿಗಳ ಬೆಲೆಪಟ್ಟಿ ತೆರೆದು ಕುಳಿತರೆ ತಿಂಗಳಿಗೆ 4 ಡಾಲರಿನಿಂದ ನೂರಾರು ಡಾಲರಿನವರೆಗೆ ಸಾಲುಸಾಲು ಯೋಜನೆಗಳು ಕಾಣುತ್ತವೆ, ಪ್ರತಿಯೊಂದರ ಪಕ್ಕದಲ್ಲೂ ‘ಹೆಚ್ಚು ಜನ ಆರಿಸಿದ್ದು’ ಎಂಬಂಥ ಒಂದು ಚೀಟಿ. ನಿಮಗೆ ಯಾವುದು ಸಾಕು ಎಂಬ ಪ್ರಶ್ನೆಗೆ ಉತ್ತರ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಅದು ನಿಮ್ಮ ಲ್ಯಾಪ್‌ಟಾಪಿನಲ್ಲೇ ಇದೆ, ಅಳೆದು ನೋಡಬೇಕಷ್ಟೆ. ಈ ಗ್ರಂಥಾಲಯದ ಆ್ಯಪನ್ನೇ ಉದಾಹರಣೆಯಾಗಿಟ್ಟುಕೊಂಡು ಆರಿಸುವ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ನೋಡೋಣ.

ವಿಪಿಎಸ್, ಅಂದರೆ ವರ್ಚುವಲ್ ಪ್ರೈವೇಟ್ ಸರ್ವರ್, ಡೇಟಾ ಸೆಂಟರಿನಲ್ಲಿರುವ ಒಂದು ದೊಡ್ಡ ಯಂತ್ರದ ಒಂದು ಪಾಲು. ಆ ಯಂತ್ರವನ್ನು ತಂತ್ರಾಂಶದ ಮೂಲಕ ಹತ್ತಾರು ಪಾಲು ಮಾಡಿ, ಪ್ರತಿ ಪಾಲಿಗೂ ತನ್ನದೇ ಮೆಮೊರಿ, ಡಿಸ್ಕ್, ಐಪಿ ವಿಳಾಸ ಮತ್ತು ಆಪರೇಟಿಂಗ್ ಸಿಸ್ಟಂ ಕೊಟ್ಟು ಬಾಡಿಗೆಗೆ ಬಿಡುತ್ತಾರೆ. ವಠಾರದ ಮನೆಯ ಹಾಗೆ: ಬೀಗದ ಕೈ ನಿಮ್ಮದು, ಒಳಗೆ ಏನು ಬೇಕಾದರೂ ಇಟ್ಟುಕೊಳ್ಳಬಹುದು, ಆದರೆ ಗೋಡೆಯಾಚೆಯ ಸಂಸಾರದ ಗದ್ದಲ ಒಮ್ಮೊಮ್ಮೆ ನಿಮಗೂ ಕೇಳಿಸುತ್ತದೆ.

ಮೊದಲ ಹೆಜ್ಜೆ: ವಿಪಿಎಸ್ ನಿಜವಾಗಿಯೂ ಬೇಕೇ?

ಬೀಗದ ಕೈ ನಿಮ್ಮದಾದ ಮೇಲೆ ಕಸ ಗುಡಿಸುವ ಕೆಲಸವೂ ನಿಮ್ಮದೇ. ಆಪರೇಟಿಂಗ್ ಸಿಸ್ಟಮ್ಮಿಗೆ ಭದ್ರತಾ ತಿದ್ದುಪಡಿಗಳನ್ನು ಹಾಕುವುದು, ಡಿಸ್ಕ್ ತುಂಬದಂತೆ ನೋಡಿಕೊಳ್ಳುವುದು, ನಡುರಾತ್ರಿ ಡೇಟಾಬೇಸ್ ನಿಂತರೆ ಮತ್ತೆ ಎಬ್ಬಿಸುವುದು, ಇವನ್ನೆಲ್ಲ ಮಾಮೂಲಿ ವಿಪಿಎಸ್ ಕೊಡುವ ಕಂಪನಿ ಮಾಡುವುದಿಲ್ಲ. ಯಂತ್ರಕ್ಕೆ ವಿದ್ಯುತ್ತೂ ಜಾಲದ ಸಂಪರ್ಕವೂ ಇರುವಂತೆ ನೋಡಿಕೊಂಡರೆ ಅವರ ಕೆಲಸ ಮುಗಿಯಿತು. ಬರೀ ಬರಹ ಮತ್ತು ಚಿತ್ರಗಳ ಸ್ಥಿರ ಪುಟಗಳಾದರೆ ಗಿಟ್‌ಹಬ್ ಪೇಜಸ್ ಅಥವಾ ಕ್ಲೌಡ್‌ಫ್ಲೇರ್ ಪೇಜಸ್‌ನಂಥ ಕಡೆ ಕಾಸು ಕೊಡದೆ ಇಡಬಹುದು. ಒಂದೇ ಒಂದು ವರ್ಡ್‌ಪ್ರೆಸ್ ಬ್ಲಾಗಿಗೆ ಹಲವು ಸೈಟುಗಳು ಒಂದೇ ಸರ್ವರನ್ನು ಹಂಚಿಕೊಳ್ಳುವ ಸಾಧಾರಣ ಶೇರ್ಡ್ ಹೋಸ್ಟಿಂಗ್ ಸಾಕು, ಅದನ್ನು ವಿಪಿಎಸ್‌ಗೆ ತಂದು ಸಾಧಿಸುವುದು ಏನೂ ಇರುವುದಿಲ್ಲ. ನಮ್ಮ ಗ್ರಂಥಾಲಯದ ಆ್ಯಪ್ ಪೈಥಾನ್‌ನಲ್ಲಿ ಬರೆದದ್ದು, ಅದಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇಕು, ಪ್ರತಿ ರಾತ್ರಿ ಅವಧಿ ಮೀರಿದ ಪುಸ್ತಕಗಳ ನೆನಪೋಲೆ ಕಳಿಸುವ ಒಂದು ಕೆಲಸ ತಾನಾಗಿ ನಡೆಯಬೇಕು. ಇಂಥದಕ್ಕೆ ವಿಪಿಎಸ್ ಹೇಳಿಮಾಡಿಸಿದ್ದು. ತಿಂಗಳಿಗೆ ಒಂದೆರಡು ಗಂಟೆ ಅದರ ಆರೈಕೆಗೆ ಕೊಡಲು ಯಾರಾದರೂ ಒಬ್ಬರು ಸಿದ್ಧರಿದ್ದಾರೆ ಎಂಬುದು ಖಚಿತವಾದ ಮೇಲೆಯೇ ಮುಂದಿನ ಹೆಜ್ಜೆ ಇಡಿ.

ಎರಡನೆಯ ಹೆಜ್ಜೆ: ಮೆಮೊರಿಯನ್ನು ಅಳೆಯಿರಿ

ಸಣ್ಣ ವಿಪಿಎಸ್‌ಗಳ ಬೆಲೆಯನ್ನು ಹೆಚ್ಚಾಗಿ ನಿರ್ಧರಿಸುವುದು ಮೆಮೊರಿ, ಸಣ್ಣ ಆ್ಯಪ್‌ಗಳು ಮುಗ್ಗರಿಸುವುದೂ ಹೆಚ್ಚಾಗಿ ಮೆಮೊರಿಯ ಕೊರತೆಯಿಂದಲೇ. ಸಿಪಿಯು ಸಾಲದಿದ್ದರೆ ಪುಟ ನಿಧಾನವಾಗಿ ತೆರೆದುಕೊಳ್ಳುತ್ತದೆ, ಅಷ್ಟೆ. ಮೆಮೊರಿ ಸಾಲದಿದ್ದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ತನ್ನ ಉಳಿವಿಗಾಗಿ ಯಾವುದಾದರೊಂದು ದೊಡ್ಡ ಪ್ರಕ್ರಿಯೆಯನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು, ಕೊಂದುಹಾಕುತ್ತದೆ, ಮತ್ತು ಆ ದೊಡ್ಡ ಪ್ರಕ್ರಿಯೆ ಬಹಳ ಸಲ ನಿಮ್ಮ ಡೇಟಾಬೇಸೇ ಆಗಿರುತ್ತದೆ.

ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದಿಂದ 1 ಜಿಬಿ ಮೆಮೊರಿಯ ಒಂದು ಲಿನಕ್ಸ್ ಯಂತ್ರವನ್ನು ಮಾಡಿಕೊಂಡು, ಸರ್ವರಿನಲ್ಲಿ ಓಡಬೇಕಾದದ್ದೆಲ್ಲವನ್ನೂ ಅದರಲ್ಲಿ ಓಡಿಸಿ ನೋಡಿ. ನಮ್ಮ ಉದಾಹರಣೆಯಲ್ಲಿ ಲೆಕ್ಕ ಸರಿಸುಮಾರು ಹೀಗಾಗುತ್ತದೆ: ಆಪರೇಟಿಂಗ್ ಸಿಸ್ಟಮ್ಮಿಗೆ 200 ಎಂಬಿ, ಪೋಸ್ಟ್‌ಗ್ರೆಸ್‌ಗೆ 150 ಎಂಬಿ, ಜ್ಯಾಂಗೊ ಎಂಬ ಪೈಥಾನ್ ಚೌಕಟ್ಟಿನಲ್ಲಿ ಬರೆದ ಆ್ಯಪಿನ ಮೂರು ಕೆಲಸಗಾರ ಪ್ರಕ್ರಿಯೆಗಳಿಗೆ ತಲಾ 80 ಎಂಬಿಯಂತೆ 240 ಎಂಬಿ, ಕೋರಿಕೆಗಳನ್ನು ಸ್ವೀಕರಿಸುತ್ತ ಮುಂಬಾಗಿಲಲ್ಲಿ ನಿಲ್ಲುವ ವೆಬ್ ಸರ್ವರ್ ತಂತ್ರಾಂಶ ಎನ್‌ಜಿನ್‌ಎಕ್ಸ್‌ಗೆ ಹೆಚ್ಚೆಂದರೆ 20 ಎಂಬಿ. ಒಟ್ಟು 610 ಎಂಬಿ. ಇದರ ಮೇಲೆ ಮೂರನೆಯ ಒಂದು ಪಾಲನ್ನು ಮುನ್ನೆಚ್ಚರಿಕೆಗೆಂದು ಸೇರಿಸಿದರೂ 1 ಜಿಬಿಯೊಳಗೆ ಸರಿಹೋಗುತ್ತದೆ. 512 ಎಂಬಿಯ ಯೋಜನೆ ಎಷ್ಟೇ ಅಗ್ಗವಾಗಿ ಕಂಡರೂ ಇದಕ್ಕೆ ಸಲ್ಲದು. ಅದೇ ಆ್ಯಪ್ ಪೋಸ್ಟ್‌ಗ್ರೆಸ್ ಬದಲು ಎಸ್‌ಕ್ಯೂಲೈಟ್ ಬಳಸುವುದಾದರೆ ಡೇಟಾಬೇಸಿಗೆ ಬೇರೆ ಪ್ರಕ್ರಿಯೆಯೇ ಇರುವುದಿಲ್ಲ. ಇನ್ನೊಂದು ಕಡೆ, ಮೈಎಸ್‌ಕ್ಯೂಎಲ್ 8 ತನ್ನ ಮೂಲ ಹೊಂದಿಕೆಯಲ್ಲೇ (ಡೀಫಾಲ್ಟ್ ಸೆಟ್ಟಿಂಗ್) 400 ಎಂಬಿಯ ಆಸುಪಾಸು ಹಿಡಿದು ಕೂರುತ್ತದೆ, ಅದನ್ನು ಬಳಸುವವರು ಹೊಂದಿಕೆಗಳನ್ನು ತಗ್ಗಿಸಬೇಕು, ಇಲ್ಲವೇ 2 ಜಿಬಿಯ ಯೋಜನೆಗೆ ಹೋಗಬೇಕು.

ಅಳೆಯುವಾಗ ಹೊಸಬರು ಮೋಸಹೋಗುವ ಜಾಗ ಒಂದಿದೆ. ‘ಫ್ರೀ’ ಎಂಬ ಆಜ್ಞೆ ಕೊಟ್ಟಾಗ ಅದೇ ಹೆಸರಿನ ಕಾಲಮ್ಮಿನಲ್ಲಿ ಬಹಳ ಕಡಿಮೆ ಅಂಕಿ ಕಾಣುತ್ತದೆ, ಏಕೆಂದರೆ ಖಾಲಿ ಉಳಿದ ಮೆಮೊರಿಯನ್ನೆಲ್ಲ ಲಿನಕ್ಸ್ ಡಿಸ್ಕಿನಿಂದ ಓದಿದ ಕಡತಗಳನ್ನು ನೆನಪಿಟ್ಟುಕೊಳ್ಳಲು ಬಳಸುತ್ತದೆ ಮತ್ತು ಬೇಕಾದಾಗ ಬಿಟ್ಟುಕೊಡುತ್ತದೆ. ನೀವು ನೋಡಬೇಕಾದದ್ದು ‘ಅವೈಲಬಲ್’ ಕಾಲಮ್ಮನ್ನು. ಹಾಗೆಯೇ, ಆ್ಯಪ್ ಓಡುವುದಕ್ಕೆ ಬೇಕಾದ ಮೆಮೊರಿ ಬೇರೆ, ಆ್ಯಪನ್ನು ಕಟ್ಟುವುದಕ್ಕೆ ಬೇಕಾದ ಮೆಮೊರಿ ಬೇರೆ. ಇಂದಿನ ಜಾವಾಸ್ಕ್ರಿಪ್ಟ್ ಆ್ಯಪ್‌ಗಳನ್ನು ಬಿಲ್ಡ್ ಮಾಡುವ ಕೆಲಸ 1 ಜಿಬಿ ಸರ್ವರಿನಲ್ಲಿ ಅರ್ಧಕ್ಕೇ ಸತ್ತುಬೀಳುವುದು ತೀರಾ ಸಾಮಾನ್ಯ. ಅದಕ್ಕಾಗಿ ದೊಡ್ಡ ಸರ್ವರ್ ಬಾಡಿಗೆಗೆ ಪಡೆಯುವುದು, ಮದುವೆಯ ಒಂದು ದಿನದ ಅಡುಗೆಗೆಂದು ಮನೆಯ ಅಡುಗೆಕೋಣೆಯನ್ನೇ ಒಡೆದು ಹಿಗ್ಗಿಸಿದಂತೆ. ಬಿಲ್ಡನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೋ ಇಂಥ ಕೆಲಸವನ್ನು ಬೇರೆ ಯಂತ್ರದಲ್ಲಿ ಮಾಡಿಕೊಡುವ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲೋ ಮುಗಿಸಿ, ಸಿದ್ಧವಾದ ಕಡತಗಳನ್ನಷ್ಟೇ ಸರ್ವರಿಗೆ ಕಳಿಸಿ.

1 ಜಿಬಿ ಸರ್ವರಿನಲ್ಲಿ 1 ಜಿಬಿಯಷ್ಟು ಸ್ವಾಪ್ ಕಡತವನ್ನೂ, ಅಂದರೆ ಮೆಮೊರಿ ತುಂಬಿದಾಗ ಬಳಸುವ ಡಿಸ್ಕಿನ ಜಾಗವನ್ನೂ, ಮಾಡಿಟ್ಟುಕೊಳ್ಳಿ. ಅನೇಕ ಕಂಪನಿಗಳು ಕೊಡುವ ಲಿನಕ್ಸ್ ಪ್ರತಿಯಲ್ಲಿ ಅದು ಇರುವುದಿಲ್ಲ. ಸ್ವಾಪ್ ಎಂಬುದು ಮೆಮೊರಿಗೆ ಬದಲಿಯಲ್ಲ, ಒಂದು ಕ್ಷಣದ ಒತ್ತಡವನ್ನು ದಾಟಿಸುವ ಊರುಗೋಲು. ಅದು ಸದಾ ಬಳಕೆಯಲ್ಲಿದೆ ಎಂದಾದರೆ ನೀವು ಮೇಲಿನ ಯೋಜನೆಗೆ ಹೋಗುವ ಕಾಲ ಬಂದಿದೆ ಎಂದರ್ಥ.

ಮೂರನೆಯ ಹೆಜ್ಜೆ: ಸಿಪಿಯು, ಡಿಸ್ಕ್, ವರ್ಗಾವಣೆಯ ಮಿತಿ

ಸಿಪಿಯು ಲೆಕ್ಕ ಸುಲಭ. ಗ್ರಂಥಾಲಯದ ಪುಟಗಳನ್ನು ಒಂದೇ ಹೊತ್ತಿಗೆ 50 ಮಂದಿ ನೋಡುತ್ತಿದ್ದು, ಒಬ್ಬೊಬ್ಬರೂ 10 ಸೆಕೆಂಡಿಗೊಂದು ಪುಟ ತೆರೆಯುತ್ತಾರೆ ಎಂದರೆ ಸೆಕೆಂಡಿಗೆ 5 ಕೋರಿಕೆ. ಪ್ರತಿಯೊಂದಕ್ಕೆ ಸಿಪಿಯುವಿನ 100 ಮಿಲಿಸೆಕೆಂಡ್ ಬೇಕಾದರೂ ಒಂದು ವಿಸಿಪಿಯುವಿನ, ಅಂದರೆ ವರ್ಚುವಲ್ ಸಿಪಿಯುವಿನ, ಅರ್ಧ ಶಕ್ತಿ ಸಾಕಾಯಿತು. ಊರಿನ ಗ್ರಂಥಾಲಯವನ್ನು ಒಂದೇ ಹೊತ್ತಿಗೆ 50 ಮಂದಿ ಹುಡುಕುವ ದಿನ ಬಂದರೆ ಅದು ಸಂತೋಷಪಡುವ ವಿಷಯ. ಆದರೆ ವಿಸಿಪಿಯು ಎಂದರೆ ಇಡೀ ಒಂದು ಕೋರ್ ಅಲ್ಲ, ಬಹುತೇಕ ಅದು ಹಂಚಿಕೊಂಡ ಒಂದು ಎಳೆ ಮಾತ್ರ ಎಂಬುದು ನೆನಪಿರಲಿ. ಅಮೆಜಾನ್ ಲೈಟ್‌ಸೇಲ್‌ನಂಥ ಸೇವೆಗಳಲ್ಲಿ ಸಿಪಿಯುವಿಗೆ ಒಂದು ಮೂಲಮಟ್ಟ ಇರುತ್ತದೆ. ಅದನ್ನು ಮೀರಿ ಓಡಲು ಕೂಡಿಟ್ಟ ಶಕ್ತಿ ಖರ್ಚಾದ ಮೇಲೆ ವೇಗ ಇಳಿಯುತ್ತದೆ. ಆಗಾಗ ಬರುವ ಓದುಗರಿಗೆ ಇದರಿಂದ ತೊಂದರೆಯಿಲ್ಲ, ಗಂಟೆಗಟ್ಟಲೆ ವಿಡಿಯೊ ಪರಿವರ್ತಿಸುವಂಥ ಕೆಲಸಕ್ಕೆ ಇದು ಆಗದು.

ಡಿಸ್ಕಿನ ವಿಷಯದಲ್ಲಿ ಕನ್ನಡದವರು ಒಂದು ಲೆಕ್ಕ ಮಾಡಿ ನೋಡಬಹುದು. ಯುಟಿಎಫ್-8 ಸಂಕೇತದಲ್ಲಿ ಇಂಗ್ಲಿಷ್ ಅಕ್ಷರವೊಂದಕ್ಕೆ 1 ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಸ, ತ, ರ, ಒತ್ತಕ್ಷರ ಕೂಡಿಸುವ ಎರಡು ಹಲಂತ ಚಿಹ್ನೆ (್), ಒಂದು ದೀರ್ಘ ಸ್ವರಚಿಹ್ನೆ ಸೇರಿ ಆರು ಸಂಕೇತಗಳಿದ್ದು, ಅದು 18 ಬೈಟ್ ಜಾಗ ಹಿಡಿಯುತ್ತದೆ. ಕೇಳಲು ಗಾಬರಿಯಾದರೂ ಇಪ್ಪತ್ತು ಸಾವಿರ ಪುಸ್ತಕಗಳ ಹೆಸರು, ಲೇಖಕರು, ಟಿಪ್ಪಣಿ ಎಲ್ಲ ಸೇರಿ ತಲಾ 1 ಕೆಬಿ ಎಂದರೂ 20 ಎಂಬಿ ಮಾತ್ರ. ಅದೇ ಪುಸ್ತಕಗಳ ಮುಖಪುಟದ ಚಿತ್ರಗಳು ತಲಾ 50 ಕೆಬಿಯಂತೆ 1 ಜಿಬಿ. ಹಾಗಾಗಿ ಪಠ್ಯದಿಂದ ಡಿಸ್ಕ್ ತುಂಬುವುದಿಲ್ಲ. ಚಿತ್ರಗಳು, ಗಮನಿಸದೆ ಬಿಟ್ಟ ಲಾಗ್ ಕಡತಗಳು ಮತ್ತು ಡಾಕರ್ (ಆ್ಯಪನ್ನು ಅದಕ್ಕೆ ಬೇಕಾದುದರ ಸಮೇತ ಒಂದು ಪೆಟ್ಟಿಗೆಯಂತೆ ಕಟ್ಟಿ ಓಡಿಸುವ ತಂತ್ರಾಂಶ) ಬಳಸುವವರಾದರೆ ಅದರ ಹಳೆಯ ಇಮೇಜುಗಳು ತುಂಬುತ್ತವೆ. ಪ್ರವೇಶ ಮಟ್ಟದ ಯೋಜನೆಗಳಲ್ಲಿ ಸಾಮಾನ್ಯವಾಗಿ ಸಿಗುವ 25 ಜಿಬಿ ನಮ್ಮ ಕೆಲಸಕ್ಕೆ ಧಾರಾಳ. ಮೈಎಸ್‌ಕ್ಯೂಎಲ್ ಬಳಸುವವರು ಅಕ್ಷರಸಂಕೇತವನ್ನು ಯುಟಿಎಫ್8ಎಂಬಿ4 ಎಂದೇ ಇಟ್ಟುಕೊಳ್ಳಬೇಕು. ಹಳೆಯ ಮೂರು ಬೈಟಿನ ಸಂಕೇತದಲ್ಲಿ ಕನ್ನಡವೇನೋ ಉಳಿಯುತ್ತದೆ, ಆದರೆ ಓದುಗರು ಅಭಿಪ್ರಾಯದ ಜೊತೆ ಒಂದು ಎಮೋಜಿ ಹಾಕಿದರೆ ಅದು ಅಲ್ಲಿ ಹಿಡಿಯುವುದಿಲ್ಲ.

ದೊಡ್ಡ ಡಿಸ್ಕಿನ ಯೋಜನೆಗೆ ಆತುರಪಟ್ಟು ಏರಬೇಡಿ. ಡಿಜಿಟಲ್‌ಓಷನ್ ಮುಂತಾದ ಕಡೆ ಸಿಪಿಯು ಮತ್ತು ಮೆಮೊರಿಯನ್ನು ಮಾತ್ರ ಹೆಚ್ಚಿಸಿಕೊಂಡರೆ ಮತ್ತೆ ಇಳಿಸಬಹುದು, ಡಿಸ್ಕನ್ನು ಒಮ್ಮೆ ಹಿಗ್ಗಿಸಿದರೆ ಕುಗ್ಗಿಸಲಾಗದು. ಸಂಕ್ರಾಂತಿಯ ಪುಸ್ತಕಮೇಳಕ್ಕೆಂದು ಒಂದು ವಾರ ಯಂತ್ರವನ್ನು ಹಿಗ್ಗಿಸಿ ಆಮೇಲೆ ಇಳಿಸಬೇಕೆಂದಿರುವವರಿಗೆ ಈ ವ್ಯತ್ಯಾಸ ಮುಖ್ಯ.

ವರ್ಗಾವಣೆಯ ಮಿತಿ ಎಂದರೆ ಸರ್ವರಿನಿಂದ ತಿಂಗಳಿಗೆ ಎಷ್ಟು ದತ್ತಾಂಶ ಹೊರಹೋಗಬಹುದು ಎಂಬ ಲೆಕ್ಕ. ತಿಂಗಳಿಗೆ 1 ಟಿಬಿ ವರ್ಗಾವಣೆ ಎಂದರೆ 2 ಎಂಬಿಯ ಪುಟವನ್ನು 5 ಲಕ್ಷ ಸಲ ಕಳಿಸಬಹುದು. ಸಣ್ಣ ಆ್ಯಪಿಗೆ ಇದು ಮುಗಿಯುವ ಮಾತಲ್ಲ.

ನಾಲ್ಕನೆಯ ಹೆಜ್ಜೆ: ಸರ್ವರ್ ಯಾವ ಊರಿನಲ್ಲಿರಬೇಕು?

ಉತ್ತರ ಸರಳ: ಬಳಕೆದಾರರು ಎಲ್ಲಿದ್ದಾರೋ ಅದಕ್ಕೆ ಹತ್ತಿರ. ಆದರೆ ಯಾಕೆ ಎಂಬುದನ್ನು ಅಂಕಿಯಲ್ಲಿ ನೋಡಿದರೆ ಆಯ್ಕೆಯ ತೂಕ ತಿಳಿಯುತ್ತದೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ನೇರ ದೂರ 7,000 ಕಿಲೋಮೀಟರಿಗೂ ಹೆಚ್ಚು. ಹೋಗಿಬರುವುದಕ್ಕೆ ಭೌತಶಾಸ್ತ್ರದ ಪ್ರಕಾರವೇ 70 ಮಿಲಿಸೆಕೆಂಡ್ ಬೇಕು, ಕೇಬಲ್ಲುಗಳು ಸಮುದ್ರದಡಿ ಸುತ್ತಿ ಹೋಗುವುದರಿಂದ ನಿಜದಲ್ಲಿ ಅದರ ಎರಡರಷ್ಟು ಹಿಡಿಯುತ್ತದೆ. ಸುರಕ್ಷಿತ ಸಂಪರ್ಕದ ಪುಟವೊಂದು ತೆರೆಯಬೇಕಾದರೆ ಇಂಥ ಮೂರು ಸುತ್ತಾದರೂ ಆಗಬೇಕು: ಸಂಪರ್ಕ ಕೂಡಿಸಲು ಒಂದು, ಗುಪ್ತಸಂಕೇತ ಹೊಂದಿಸಲು ಒಂದು, ಪುಟ ಕೇಳಿ ಪಡೆಯಲು ಒಂದು. ತಲಾ 150 ಮಿಲಿಸೆಕೆಂಡಿನಂತೆ ಅರ್ಧ ಸೆಕೆಂಡು ಪುಟದ ಮೊದಲ ಅಕ್ಷರ ಬರುವ ಮುನ್ನವೇ ಕಳೆದುಹೋಯಿತು. ಸರ್ವರ್ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇದ್ದರೆ ಇದೇ ಮೂರು ಸುತ್ತು, ಒಳ್ಳೆಯ ಸಂಪರ್ಕವಿದ್ದಾಗ, ನೂರು ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ.

ಜರ್ಮನಿಯ ಹೆಟ್ಸ್‌ನರ್ ಕಂಪನಿ ಕಡಿಮೆ ಬೆಲೆಗೆ ಹೆಚ್ಚು ಮೆಮೊರಿ ಕೊಡುವುದರಿಂದ ನಮ್ಮಲ್ಲಿ ಅನೇಕರಿಗೆ ಅದರ ಮೇಲೆ ಕಣ್ಣು. ಅದರ ಸರ್ವರುಗಳು ಜರ್ಮನಿ, ಫಿನ್‌ಲೆಂಡ್, ಅಮೆರಿಕ ಮತ್ತು ಸಿಂಗಪುರದಲ್ಲಿವೆ, ಭಾರತದಲ್ಲಿಲ್ಲ. ಕಾಯಬಲ್ಲ ಕೆಲಸಗಳಿಗೆ, ಉದಾಹರಣೆಗೆ ಬ್ಯಾಕಪ್ ಇಡುವುದಕ್ಕೋ ರಾತ್ರಿಯ ಲೆಕ್ಕಾಚಾರಕ್ಕೋ, ಯುರೋಪಿನ ಸರ್ವರ್ ಆದೀತು. ಗ್ರಂಥಪಾಲಕರು ದಿನವಿಡೀ ಕ್ಲಿಕ್ ಮಾಡುತ್ತ ಕೂರುವ ಆ್ಯಪಿಗೆ ಆಗದು ಎಂಬುದು ನನ್ನ ಅಭಿಪ್ರಾಯ. ಇದರ ಇನ್ನೊಂದು ಮುಖವೂ ಇದೆ: ಕ್ಯಾಲಿಫೋರ್ನಿಯದ ಕನ್ನಡ ಕೂಟವೊಂದರ ಸದಸ್ಯರ ನೋಂದಣಿಗೆಂದು ಬೆಂಗಳೂರಿನ ಗೆಳೆಯರೊಬ್ಬರು ಆ್ಯಪ್ ಮಾಡಿಕೊಡುತ್ತಿದ್ದರೆ, ಸರ್ವರ್ ಇರಬೇಕಾದದ್ದು ಅಮೆರಿಕದ ಪಶ್ಚಿಮ ತೀರದಲ್ಲಿ, ಬರೆದವರ ಮನೆಯ ಹತ್ತಿರವಲ್ಲ.

ಭಾರತದೊಳಗೆ ಆಯ್ಕೆಗಳಿಗೆ ಕೊರತೆಯಿಲ್ಲ. ಡಿಜಿಟಲ್‌ಓಷನ್ 2016ರಿಂದ ಬೆಂಗಳೂರಿನಲ್ಲಿ ಡೇಟಾ ಸೆಂಟರ್ ನಡೆಸುತ್ತಿದೆ. ವಲ್ಟರ್‌ಗೆ ಮುಂಬೈ, ದೆಹಲಿ ಮತ್ತು ಬೆಂಗಳೂರು ಮೂರೂ ಕಡೆ ನೆಲೆಯಿದೆ. 2003ರಲ್ಲಿ ಹುಟ್ಟಿ 2022ರಲ್ಲಿ ಅಕಮೈ ಕಂಪನಿಯ ಪಾಲಾದ ಲಿನೋಡ್ ಮುಂಬೈಯಲ್ಲಿ ಸಿಗುತ್ತದೆ. ಅಮೆಜಾನ್ ಲೈಟ್‌ಸೇಲ್ ಕೂಡ ಮುಂಬೈಯಲ್ಲಿದೆ, ಆದರೆ ಅಲ್ಲಿ ಅದು ಕೊಡುವ ವರ್ಗಾವಣೆಯ ಮಿತಿ ಬೇರೆ ಹೆಚ್ಚಿನ ಊರುಗಳಲ್ಲಿ ಕೊಡುವುದರ ಅರ್ಧ ಮಾತ್ರ. ಬೆಲೆಪಟ್ಟಿಯ ಕೆಳಗಿನ ಸಣ್ಣಕ್ಷರವನ್ನು ಓದದವರಿಗೆ ಇದು ತಿಳಿಯುವುದೇ ಇಲ್ಲ. ದೇಶೀ ಕಂಪನಿಗಳಲ್ಲಿ ದೆಹಲಿ ಮೂಲದ ಇ2ಇ ನೆಟ್‌ವರ್ಕ್ಸ್ ರೂಪಾಯಿಯಲ್ಲೇ ಬಿಲ್ ಮಾಡುತ್ತದೆ. ಸಾಮಾನ್ಯ ಸಣ್ಣ ಆ್ಯಪಿಗೆ ಬೆಂಗಳೂರು, ಮುಂಬೈ, ಚೆನ್ನೈಗಳ ನಡುವೆ ತಲೆಕೆಡಿಸಿಕೊಳ್ಳುವಷ್ಟು ಅಂತರವೇನೂ ಇಲ್ಲ. ನಿಮ್ಮ ಮನೆಯ ಬ್ರಾಡ್‌ಬ್ಯಾಂಡಿನಿಂದಲೂ ಇಬ್ಬರು ಮೂವರು ಸ್ನೇಹಿತರ ಮೊಬೈಲಿನಿಂದಲೂ ಕಂಪನಿಯ ಪರೀಕ್ಷಾ ವಿಳಾಸಕ್ಕೆ ಪಿಂಗ್ ಮಾಡಿಸಿ, ಅಂದರೆ ಹೋಗಿಬರಲು ಹಿಡಿಯುವ ಹೊತ್ತನ್ನು ಅಳೆದು, ನೋಡಿದರೆ ಸಾಕು. ಒಮ್ಮೊಮ್ಮೆ ಒಂದೇ ಊರಿನೊಳಗಿನ ದತ್ತಾಂಶ ಕೂಡ ನಿಮ್ಮ ಇಂಟರ್ನೆಟ್ ಕಂಪನಿಯ ಕೃಪೆಯಿಂದ ಚೆನ್ನೈಗೋ ಸಿಂಗಪುರಕ್ಕೋ ಹೋಗಿ ಬರುವುದುಂಟು. ನಕ್ಷೆ ನೋಡಿ ಊಹಿಸುವುದಕ್ಕಿಂತ ಅಳೆಯುವುದು ಮೇಲು ಎನ್ನುವುದು ಇದಕ್ಕೇ.

ಐದನೆಯ ಹೆಜ್ಜೆ: ಕಂಪನಿಯಲ್ಲಿ ನೋಡಬೇಕಾದ ಗುಣಗಳು

ಪಾಲು ಮಾಡುವ ತಂತ್ರಾಂಶ ಯಾವುದು ಎಂದು ಕೇಳಿ. ಕೆವಿಎಂ ಎಂದಿದ್ದರೆ ನಿಮ್ಮ ಪಾಲಿಗೆ ನಿಮ್ಮದೇ ಕರ್ನಲ್ ಇರುತ್ತದೆ, ಡಾಕರ್ ಮುಂತಾದವು ತಕರಾರಿಲ್ಲದೆ ಓಡುತ್ತವೆ. ಓಪನ್‌ವಿಝಡ್ ಎಂದಿದ್ದರೆ ಎಲ್ಲ ಬಾಡಿಗೆದಾರರೂ ಒಂದೇ ಕರ್ನಲ್ಲನ್ನು ಹಂಚಿಕೊಳ್ಳುತ್ತಾರೆ. ವರ್ಷಕ್ಕೆ ಕೆಲವೇ ನೂರು ರೂಪಾಯಿ ಎಂಬ ನಂಬಲಾಗದ ಬೆಲೆಗಳ ಹಿಂದೆ ಬಹಳ ಸಲ ಇರುವುದು ಇದೇ. ‘ಜೀವಮಾನದ ಯೋಜನೆ’ ಎಂದು ಮಾರುವವರ ವಿಷಯದಲ್ಲಿ ಯಾರ ಜೀವಮಾನ ಎಂಬುದನ್ನು ವಿಚಾರಿಸುವುದು ಒಳ್ಳೆಯದು.

ವೆಬ್ ಕನ್ಸೋಲ್ ಇದೆಯೇ ಎಂದು ನೋಡಿ, ಅಂದರೆ ಸರ್ವರಿಗೆ ದೂರದಿಂದ ಒಳಹೋಗುವ ಮಾಮೂಲಿ ದಾರಿಯಾದ ಎಸ್‌ಎಸ್‌ಎಚ್ ಕೆಟ್ಟಾಗಲೂ ಬ್ರೌಸರಿನ ಮೂಲಕ ಯಂತ್ರದ ಪರದೆಯನ್ನು ನೋಡಿ ಕೆಲಸ ಮಾಡುವ ಸೌಲಭ್ಯ. ಇದರ ಬೆಲೆ ನನಗೆ ತಿಳಿದದ್ದು ನನ್ನ ಎಡವಟ್ಟಿನಿಂದಲೇ: ಒಂದು ಸಂಜೆ, ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಚಾಲೂ ಮಾಡುವ ಉತ್ಸಾಹದಲ್ಲಿ ಎಸ್‌ಎಸ್‌ಎಚ್ ಬರುವ ಬಾಗಿಲಾದ 22ನೆಯ ಪೋರ್ಟಿಗೆ ಅನುಮತಿ ಕೊಡುವುದನ್ನು ಮರೆತು, ನನ್ನದೇ ಸರ್ವರಿನ ಹೊರಗೆ ನಾನೇ ನಿಂತೆ. ಕನ್ಸೋಲ್ ಇದ್ದುದರಿಂದ ಐದು ನಿಮಿಷದಲ್ಲಿ ಒಳಗೆ ಹೋದೆ, ಇಲ್ಲದಿದ್ದರೆ ಆ ರಾತ್ರಿ ಸಹಾಯವಾಣಿಯ ಉತ್ತರಕ್ಕೆ ಕಾಯುತ್ತ ಕಳೆಯಬೇಕಿತ್ತು.

ಕಂಪನಿಯ ಕಡೆಯಿಂದಲೇ ಫೈರ್‌ವಾಲ್ ಸಿಗುತ್ತದೆಯೇ ಎಂಬುದನ್ನೂ ಗಮನಿಸಿ. ಸರ್ವರಿನೊಳಗಿನ ಫೈರ್‌ವಾಲ್ ಇದ್ದರೂ ಇದು ಬೇಕಾಗುವುದಕ್ಕೆ ಕಾರಣವಿದೆ. ಡಾಕರ್ ತಾನು ತೆರೆಯುವ ಪೋರ್ಟುಗಳಿಗೆ ಜಾಲದ ನಿಯಮಗಳನ್ನು ತಾನೇ ನೇರವಾಗಿ ಬರೆದುಬಿಡುವುದರಿಂದ, ಉಬುಂಟು ಲಿನಕ್ಸಿನ ಒಳಗಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯು ‘ಮುಚ್ಚಿದೆ’ ಎಂದು ಹೇಳುತ್ತಿದ್ದರೂ ನಿಮ್ಮ ಡೇಟಾಬೇಸ್ ಇಡೀ ಜಗತ್ತಿಗೆ ತೆರೆದುಕೊಂಡಿರಬಹುದು. ಹೊರಗಿನ ಫೈರ್‌ವಾಲಿನಲ್ಲಿ 22, 80 ಮತ್ತು 443 (ಎಸ್‌ಎಸ್‌ಎಚ್ ಮತ್ತು ವೆಬ್ ಪುಟಗಳ ಪೋರ್ಟುಗಳು) ಮಾತ್ರ ತೆರೆದಿಟ್ಟರೆ ಈ ಅಪಾಯವಿಲ್ಲ.

ಇಮೇಲ್ ಕಳಿಸುವುದಿದ್ದರೆ ಮೊದಲೇ ತಿಳಿದಿರಬೇಕಾದ ಸಂಗತಿ ಎಂದರೆ ಸ್ಪ್ಯಾಮ್ ಕಾಟದಿಂದಾಗಿ ಡಿಜಿಟಲ್‌ಓಷನ್, ವಲ್ಟರ್, ಲಿನೋಡ್ ಮೊದಲಾದವು ಹೊಸ ಖಾತೆಗಳಿಗೆ ಇಮೇಲ್ ಸಾಗಿಸುವ 25ನೆಯ ಪೋರ್ಟನ್ನು ಮುಚ್ಚಿಯೇ ಇಟ್ಟಿರುತ್ತವೆ. ಸ್ವಂತ ಮೇಲ್ ಸರ್ವರ್ ಕಟ್ಟುವ ಆಸೆಯನ್ನು ಬಿಟ್ಟು, ಯಾವುದಾದರೂ ಇಮೇಲ್ ಸೇವೆಯ ಎಪಿಐ (ಪ್ರೋಗ್ರಾಮುಗಳು ಆ ಸೇವೆಯನ್ನು ಬಳಸಲು ಇರುವ ದಾರಿ) ಮೂಲಕ ನೆನಪೋಲೆಗಳನ್ನು ಕಳಿಸಿ.

‘ಶೇಕಡ 99.9 ಲಭ್ಯತೆ’ ಎಂಬ ಭರವಸೆಯ ಅರ್ಥ 30 ದಿನಗಳ ತಿಂಗಳಿನಲ್ಲಿ 43 ನಿಮಿಷ ಸರ್ವರ್ ಸಿಗದಿದ್ದರೂ ಅವರು ಮಾತು ತಪ್ಪಿದಂತಲ್ಲ ಎಂದು. ತಪ್ಪಿದರೂ ಸಿಗುವುದು ಬಾಡಿಗೆಯ ಒಂದಂಶದ ರಿಯಾಯಿತಿ. ಗ್ರಂಥಾಲಯಕ್ಕೆ ಅಷ್ಟು ಸಾಕು.

ಆರನೆಯ ಹೆಜ್ಜೆ: ಕೈಯಿಂದ ಹೋಗುವ ಹಣ ಎಷ್ಟು, ಹೇಗೆ

ಇದನ್ನು ಬರೆಯುವಾಗ 1 ಜಿಬಿ ಮೆಮೊರಿ, 25 ಜಿಬಿ ಡಿಸ್ಕ್, 1 ಟಿಬಿ ವರ್ಗಾವಣೆಯ ಯೋಜನೆಗೆ ಲಿನೋಡ್ 5 ಡಾಲರ್, ಡಿಜಿಟಲ್‌ಓಷನ್ 6 ಡಾಲರ್ ಎಂದು ತೋರಿಸುತ್ತವೆ. ಬೆಲೆಗಳು ಬದಲಾಗುವಂಥವು, ಕೊಳ್ಳುವ ದಿನ ಪುಟವನ್ನು ಮತ್ತೊಮ್ಮೆ ನೋಡಿ. ಆದರೆ ಪುಟದಲ್ಲಿ ಕಾಣುವ 6 ಡಾಲರ್ ನಿಮ್ಮ ಖಾತೆಯಿಂದ ಹೋಗುವ ಮೊತ್ತವಲ್ಲ. ಸಾಪ್ತಾಹಿಕ ಬ್ಯಾಕಪ್ ಸೌಲಭ್ಯಕ್ಕೆ ಶೇಕಡ 20 ಸೇರಿದರೆ 7 ಡಾಲರ್ 20 ಸೆಂಟ್. ಜಿಎಸ್‌ಟಿ ಸಂಖ್ಯೆ ಇಲ್ಲದವರಿಗೆ ಅದರ ಮೇಲೆ ಶೇಕಡ 18 ತೆರಿಗೆ ಸೇರಿ ಸುಮಾರು 8 ಡಾಲರ್ 50 ಸೆಂಟ್. ಇದರ ಮೇಲೆ ಕಾರ್ಡ್ ಕೊಟ್ಟ ಬ್ಯಾಂಕು ವಿದೇಶಿ ಕರೆನ್ಸಿಗೆಂದು ತನ್ನ ಪಾಲು ಎತ್ತಿಕೊಳ್ಳುತ್ತದೆ. ರೂಪಾಯಿಯ ಬಿಲ್ಲಿನ ಜೊತೆ ಹೋಲಿಸುವಾಗ ಈ ಕೊನೆಯ ಮೊತ್ತವನ್ನು ಹೋಲಿಸಬೇಕು.

ಪಾವತಿಯ ವಿಧಾನವನ್ನು ಜನ ಹಗುರವಾಗಿ ಕಾಣುತ್ತಾರೆ, ಆದರೆ ಭಾರತದಲ್ಲಿ ಸಣ್ಣ ಸರ್ವರುಗಳು ನಿಲ್ಲುವುದಕ್ಕೆ ಅದೂ ಒಂದು ದೊಡ್ಡ ಕಾರಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಿಂಗಳು ತಿಂಗಳೂ ತಾನಾಗಿ ಹಣ ಕಡಿತವಾಗಬೇಕಾದರೆ ಗ್ರಾಹಕರ ಒಪ್ಪಿಗೆಯ ಇ-ಮ್ಯಾಂಡೇಟ್ ನೋಂದಣಿ ಆಗಿರಬೇಕು. ಅದಕ್ಕೆ ಹೊಂದಿಕೊಳ್ಳದ ವಿದೇಶಿ ಕಂಪನಿಗಳಲ್ಲಿ ಪಾವತಿ ಸದ್ದಿಲ್ಲದೆ ತಿರಸ್ಕೃತವಾಗುತ್ತದೆ, ಎಚ್ಚರಿಕೆಯ ಇಮೇಲುಗಳು ಬರುತ್ತವೆ, ಆಮೇಲೆ ಸರ್ವರ್ ಅಮಾನತಾಗುತ್ತದೆ, ಕೊನೆಗೆ ಅಳಿಸಿಯೂ ಹೋಗುತ್ತದೆ. ಆದ್ದರಿಂದ ಮುಂಗಡವಾಗಿ ಖಾತೆಯಲ್ಲಿ ಹಣ ಇಡಲು ಬಿಡುವ ಕಂಪನಿಯನ್ನು ಆರಿಸಿ, ಆರು ತಿಂಗಳ ಬಾಡಿಗೆಯನ್ನು ತುಂಬಿಡಿ. ಎಚ್ಚರಿಕೆಯ ಇಮೇಲ್ ಬರುವ ವಿಳಾಸ ಅದೇ ಸರ್ವರಿನಲ್ಲಿರುವ ಡೊಮೈನಿನದಾಗಿರಬಾರದು. ಸರ್ವರ್ ನಿಂತ ದಿನ ಆ ಪತ್ರವೂ ನಿಮಗೆ ತಲುಪುವುದಿಲ್ಲ. ಖಾತೆ ಸಂಸ್ಥೆಯ ಹೆಸರಿನಲ್ಲಿ ಇರಲಿ, ಇಬ್ಬರಿಗೆ ಪ್ರವೇಶವಿರಲಿ. ಉತ್ಸಾಹದಿಂದ ಎಲ್ಲವನ್ನೂ ತನ್ನ ಹೆಸರಿನಲ್ಲಿ ತೆರೆದ ಸ್ವಯಂಸೇವಕ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ ಮೇಲೆ ಪಾಸ್‌ವರ್ಡಿಗಾಗಿ ಪರದಾಡಿದ ಸಂಘಗಳು ಒಂದೆರಡಲ್ಲ.

ನೋಂದಣಿಯ ವೇಳೆ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ಪರಿಶೀಲಿಸಿದರೆ ಬೇಸರ ಬೇಡ. 2022ರ ಏಪ್ರಿಲ್ 28ರಂದು ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ವಿಪಿಎಸ್ ಕೊಡುವ ಕಂಪನಿಗಳು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕಾಗಿದೆ.

ಏಳನೆಯ ಹೆಜ್ಜೆ: ಬ್ಯಾಕಪ್ ಇನ್ನೊಂದು ಮನೆಯಲ್ಲಿ

2021ರ ಮಾರ್ಚ್ 10ರ ನಸುಕಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಕಂಪನಿ ಮಾರುವ ಬ್ಯಾಕಪ್ ಸೌಲಭ್ಯವನ್ನು ನಾನು ಬೇಡ ಎನ್ನುವುದಿಲ್ಲ, ನಿಮ್ಮ ಕೈತಪ್ಪಿನಿಂದ ಏನಾದರೂ ಅಳಿಸಿಹೋದಾಗ ಯಂತ್ರವನ್ನು ಒಂದು ವಾರ ಹಿಂದಕ್ಕೆ ಒಯ್ಯಲು ಅದು ಬಹಳ ಅನುಕೂಲ. ಆದರೆ ಅದು ಅವರ ಮನೆಯಲ್ಲೇ ಇರುವ ನಕಲು. ಬೆಂಕಿಯಿರಲಿ, ಖಾತೆ ಅಮಾನತಾದರೂ ನಿಮಗೆ ಸಿಗುವುದಿಲ್ಲ. ಪ್ರತಿ ರಾತ್ರಿ ಡೇಟಾಬೇಸಿನ ಡಂಪ್ (ಅದರಲ್ಲಿರುವುದನ್ನೆಲ್ಲ ಒಂದು ಕಡತಕ್ಕೆ ಬರೆಸಿದ ಪ್ರತಿ) ತೆಗೆದು ಗುಪ್ತಸಂಕೇತದಲ್ಲಿ ಮುಚ್ಚಿ ಬೇರೆ ಕಂಪನಿಯ ಸಂಗ್ರಹಕ್ಕೋ ಗ್ರಂಥಾಲಯದ ಕಂಪ್ಯೂಟರಿಗೋ ಕಳಿಸುವ ಒಂದು ಪುಟ್ಟ ಸ್ಕ್ರಿಪ್ಟ್ ಇರಲೇಬೇಕು. ಓಡುತ್ತಿರುವ ಡೇಟಾಬೇಸಿನ ಕಡತಗಳನ್ನು ಹಾಗೆಯೇ ನಕಲು ಮಾಡಿಟ್ಟರೆ ಅದು ಬ್ಯಾಕಪ್ ಆಗುವುದಿಲ್ಲ. ಬರಹದ ಅರ್ಧದಲ್ಲಿ ಕಿತ್ತುಕೊಂಡ ಪುಟದಂತೆ, ಮತ್ತೆ ತೆರೆಯದೆಯೂ ಇರಬಹುದು. ಮೂರು ತಿಂಗಳಿಗೊಮ್ಮೆ ಆ ಡಂಪಿನಿಂದ ಲ್ಯಾಪ್‌ಟಾಪಿನಲ್ಲಿ ಆ್ಯಪನ್ನು ಎಬ್ಬಿಸಿ ನೋಡಿ.

ಹೀಗೆ ಎಬ್ಬಿಸಿ ನೋಡುವ ಅಭ್ಯಾಸವಿದ್ದವರಿಗೆ ಕಂಪನಿ ಬದಲಾಯಿಸುವುದು ಒಂದು ಮಧ್ಯಾಹ್ನದ ಕೆಲಸ. ಅದಕ್ಕೆ ಇನ್ನೆರಡು ಸಿದ್ಧತೆ ಬೇಕು: ಡೊಮೈನನ್ನು ವಿಪಿಎಸ್ ಕೊಂಡ ಕಡೆಯೇ ಕೊಳ್ಳದೆ ಬೇರೆ ನೋಂದಣಿದಾರರಲ್ಲಿ ಇಟ್ಟುಕೊಳ್ಳುವುದು, ಸ್ಥಳಾಂತರದ ಹಿಂದಿನ ದಿನವೇ ಡೊಮೈನ್ ಹೆಸರನ್ನು ಸರ್ವರಿನ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ದಾಖಲೆಯ ಬಾಳಿಕೆಯನ್ನು (ಟಿಟಿಎಲ್) 300 ಸೆಕೆಂಡಿಗೆ ಇಳಿಸುವುದು. ಯಾವ ಕಂಪನಿ ಒಳ್ಳೆಯದು ಎಂಬ ಚರ್ಚೆಗೆ ಅಷ್ಟೊಂದು ಹೊತ್ತು ಕಳೆಯಬೇಕಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ. ಸುಲಭವಾಗಿ ಬಿಟ್ಟುಹೋಗುವಂತಿದ್ದರೆ ತಪ್ಪು ಆಯ್ಕೆಯ ನಷ್ಟ ಒಂದು ತಿಂಗಳ ಬಾಡಿಗೆಯಷ್ಟೆ. ವರ್ಷದ ಹಣವನ್ನು ಒಟ್ಟಿಗೆ ಕೊಟ್ಟರೆ ಸಿಗುವ ರಿಯಾಯಿತಿಯನ್ನು ಮೊದಲ ವರ್ಷ ಬಿಟ್ಟುಕೊಡಿ.

ಎಂಟನೆಯ ಹೆಜ್ಜೆ: ಎರಡು ದಿನದ ಪರೀಕ್ಷೆ

ಇಲ್ಲಿಗೆ ನಿಮ್ಮ ಕೈಯಲ್ಲಿ ಇಬ್ಬರು ಮೂವರ ಹೆಸರು ಉಳಿದಿರುತ್ತದೆ. ಗಂಟೆ ಲೆಕ್ಕದ ಬಿಲ್ ಇರುವ ಕಡೆ ತಿಂಗಳಿಗೆ 6 ಡಾಲರಿನ ಸರ್ವರನ್ನು ಎರಡು ದಿನ ಓಡಿಸಿದರೆ ಅರ್ಧ ಡಾಲರ್ ಕೂಡ ಆಗುವುದಿಲ್ಲ. ಪ್ರತಿ ಕಂಪನಿಯಲ್ಲೂ ಒಂದೊಂದು ಸರ್ವರ್ ತೆರೆದು ಆ್ಯಪನ್ನು ಹಾಕಿ, ಸಂಜೆ ಎಂಟರಿಂದ ಹತ್ತರ ನಡುವೆ, ಅಂದರೆ ಊರೆಲ್ಲ ಮೊಬೈಲ್ ಹಿಡಿದಿರುವ ಹೊತ್ತಿನಲ್ಲಿ, ಬಳಸಿ ನೋಡಿ. ‘ಟಾಪ್’ ಆಜ್ಞೆಯ ಸಿಪಿಯು ಸಾಲಿನ ಕೊನೆಯಲ್ಲಿ ‘ಎಸ್‌ಟಿ’ ಎಂಬ ಅಂಕಿ ಇರುತ್ತದೆ. ನಿಮ್ಮ ಪಾಲಿನ ಸಿಪಿಯು ಸಮಯವನ್ನು ಯಂತ್ರ ಬೇರೆಯವರಿಗೆ ಎಷ್ಟು ಕೊಟ್ಟಿತು ಎಂಬುದರ ಲೆಕ್ಕ ಅದು. ಸೊನ್ನೆಯ ಆಸುಪಾಸಿನಲ್ಲಿದ್ದರೆ ನೆರೆಹೊರೆ ಸಜ್ಜನರು, ಹೊತ್ತು ಹೊತ್ತಿಗೂ ಶೇಕಡ 10 ದಾಟುತ್ತಿದ್ದರೆ ಆ ಯಂತ್ರದಲ್ಲಿ ಮಿತಿಮೀರಿ ಬಾಡಿಗೆದಾರರನ್ನು ತುಂಬಿದ್ದಾರೆ. ಸಹಾಯವಾಣಿಗೆ ಒಂದು ಸಾಧಾರಣ ಪ್ರಶ್ನೆ ಕಳಿಸಿ ಉತ್ತರಕ್ಕೆ ಎಷ್ಟು ಹೊತ್ತಾಯಿತು ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಆಪರೇಟಿಂಗ್ ಸಿಸ್ಟಂ ಆರಿಸುವಾಗ ಹೊಸತನಕ್ಕಿಂತ ಬಾಳಿಕೆಯನ್ನು ನೋಡಿ. ಸೆಂಟ್‌ಓಎಸ್ 8ರ ಬೆಂಬಲ 2029ರವರೆಗೆ ಇರುತ್ತದೆಂದು ನಂಬಿ ಕುಳಿತವರಿಗೆ ಅದು 2021ರ ಕೊನೆಗೇ ಮುಗಿಯಿತು. ಉಬುಂಟು 24.04ಕ್ಕೆ 2029ರವರೆಗೆ ಸಾಮಾನ್ಯ ಬೆಂಬಲವಿದೆ, ಡೆಬಿಯನ್ 13 ಇನ್ನೂ ಹಗುರ. ಎರಡರಲ್ಲಿ ಯಾವುದಾದರೂ ಸರಿ.

ಆರಿಸಿದ ಸರ್ವರಿನಲ್ಲಿ ಮೊದಲ ಗಂಟೆಯಲ್ಲೇ ಎಸ್‌ಎಸ್‌ಎಚ್‌ಗೆ ಕೀಲಿ ಕಡತದ ಪ್ರವೇಶ ಕೊಟ್ಟು ಪಾಸ್‌ವರ್ಡ್ ಪ್ರವೇಶವನ್ನು ಮುಚ್ಚಿ, ಏಕೆಂದರೆ ಹೊಸ ಐಪಿ ವಿಳಾಸ ಜೀವ ತಳೆದ ಸ್ವಲ್ಪ ಹೊತ್ತಿಗೇ ಬಾಗಿಲು ತಟ್ಟುವ ಯಂತ್ರಗಳು ಬರಲಾರಂಭಿಸುತ್ತವೆ. ಭದ್ರತಾ ತಿದ್ದುಪಡಿಗಳು ತಾವಾಗಿಯೇ ಸೇರುವಂತೆ ಹೊಂದಿಸಿ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಉಚಿತ ಪ್ರಮಾಣಪತ್ರ ಪಡೆದು ಅದರ ನವೀಕರಣವೂ ತಾನಾಗಿ ಆಗುತ್ತಿದೆಯೇ ಎಂದು ಪರೀಕ್ಷಿಸಿ.

ಇಷ್ಟಾದ ಮೇಲೆ, ಪರೀಕ್ಷೆಗೆಂದು ತೆರೆದು ಆರಿಸದೆ ಬಿಟ್ಟ ಸರ್ವರುಗಳನ್ನು ಅಳಿಸಿ. ಆಫ್ ಮಾಡಿಟ್ಟರೆ ಸಾಲದು. ಡಿಸ್ಕ್ ಮತ್ತು ಐಪಿ ವಿಳಾಸ ನಿಮ್ಮ ಹೆಸರಿನಲ್ಲೇ ಇರುವುದರಿಂದ ಆಫ್ ಆದ ಸರ್ವರಿಗೂ ಪೂರ್ತಿ ಬಾಡಿಗೆ ಓಡುತ್ತಲೇ ಇರುತ್ತದೆ. ಜೊತೆಗೆ ಸರ್ವರಿನ ಪೂರ್ತಿ ನಕಲಾಗಿ ತೆಗೆದಿಟ್ಟ ಸ್ನ್ಯಾಪ್‌ಶಾಟುಗಳಿಗೂ, ಕಾದಿರಿಸಿಕೊಂಡ ಐಪಿ ವಿಳಾಸಗಳಿಗೂ ಬೇರೆಯೇ ದರವಿರುತ್ತದೆ. ಮುಂದಿನ ತಿಂಗಳ ಒಂದನೆಯ ತಾರೀಖು ಬಿಲ್ ತೆರೆದು, ಅದರಲ್ಲಿ ಒಂದೇ ಒಂದು ಸರ್ವರಿನ ಸಾಲು ಉಳಿದಿದೆಯೇ ಎಂದು ನೋಡಿಕೊಳ್ಳಿ.